ಬೆಂಕಿ, ಕರಿ, ಹೊಗೆ, ಉಸಿರು: ಕಾಡ್ಗಿಚ್ಚಿನ ಡೇಟಾ ಹುಡುಕುವ ದಾರಿ

ಕಾಡ್ಗಿಚ್ಚಿನ ಬಗ್ಗೆ ನಾನು ಮಾಡಿದ ಮೊದಲ ಗ್ರಾಫ್ ನೆನಪಾದರೆ ಈಗಲೂ ನಗು ಬರುತ್ತದೆ. ಒಂದು ಪ್ರದೇಶದಲ್ಲಿ ಹತ್ತು ವರ್ಷಗಳಲ್ಲಿ ಎಷ್ಟು ಬೆಂಕಿ ಬಿದ್ದಿದೆ ಎಂದು ಎಣಿಸಿದ್ದೆ. 2012ರಲ್ಲಿ ಗೆರೆ ಒಮ್ಮೆಗೇ ಮೇಲಕ್ಕೆ ಜಿಗಿದಿತ್ತು. ಏನೋ ದೊಡ್ಡದು ಸಿಕ್ಕಿತು ಎಂದು ಎರಡು ದಿನ ನಿದ್ದೆಗೆಟ್ಟು ಕಾರಣ ಹುಡುಕಿದೆ. ಮಳೆ ಕಡಿಮೆ ಇತ್ತಾ, ಬಿಸಿಲು ಜಾಸ್ತಿ ಇತ್ತಾ ಎಂದೆಲ್ಲ ನೋಡಿದೆ. ಕಾರಣ ಕಾಡಿನಲ್ಲಿ ಇರಲೇ ಇಲ್ಲ. ಹೆಚ್ಚು ಚುರುಕು ಕಣ್ಣಿನ ಹೊಸ ಉಪಕರಣವೊಂದರ ಡೇಟಾ ಆ ವರ್ಷ ಶುರುವಾಗಿತ್ತು. ಹಳೆಯದನ್ನೂ ಹೊಸದನ್ನೂ ನಾನು ಒಂದೇ ಬುಟ್ಟಿಗೆ ಸುರಿದಿದ್ದೆ, ಅಷ್ಟೆ.

ಇವತ್ತು ಕಾಡ್ಗಿಚ್ಚಿನ ಡೇಟಾಕ್ಕೆ ಬರ ಇಲ್ಲ. ಬಹುಪಾಲು ಉಚಿತ. ಕಷ್ಟ ಇರುವುದು ಆರಿಸುವುದರಲ್ಲಿ. ಒಂದೇ ಬೆಂಕಿಯನ್ನು ನಾಲ್ಕು ಬಗೆಯಲ್ಲಿ ಅಳೆಯಬಹುದು. ಈಗ ಎಲ್ಲಿ ಉರಿಯುತ್ತಿದೆ? ಉರಿದು ಎಷ್ಟು ಕರಿಯಾಯಿತು? ಆಕಾಶದಲ್ಲಿ ಹೊಗೆ ಎಷ್ಟಿದೆ? ನೆಲದ ಮೇಲಿರುವ ಮನುಷ್ಯನ ಮೂಗಿಗೆ ಎಷ್ಟು ಬಂತು? ಈ ನಾಲ್ಕಕ್ಕೂ ಬೇರೆ ಬೇರೆ ಡೇಟಾ ಇದೆ. ಒಂದರ ಉತ್ತರವನ್ನು ಇನ್ನೊಂದರಲ್ಲಿ ಹುಡುಕಿದರೆ ನನ್ನ ಗ್ರಾಫ್‌ನ ಗತಿಯೇ ಆಗುತ್ತದೆ.

ಕೆಳಗಿನ ಹೆಜ್ಜೆಗಳನ್ನು ಒಂದು ನಿಜವಾದ ಘಟನೆಯ ಮೇಲೆ ಅಭ್ಯಾಸ ಮಾಡೋಣ. 2023ರ ಜೂನ್ ಮೊದಲ ವಾರ ಕೆನಡಾದ ಕ್ವಿಬೆಕ್‌ನಲ್ಲಿ ಕಾಡು ಹತ್ತಿ ಉರಿಯಿತು. ಹೊಗೆ ನೂರಾರು ಕಿಲೋಮೀಟರ್ ದಕ್ಷಿಣಕ್ಕೆ ಹರಿದು ಬಂತು. ಜೂನ್ 7ರಂದು ನ್ಯೂಯಾರ್ಕ್ ನಗರದ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತ್ತು. ಆ ವಾರದ ಬಗ್ಗೆ ಎಲ್ಲ ಬಗೆಯ ಡೇಟಾವೂ ಸಿಗುತ್ತದೆ. ಹಾಗಾಗಿ ಕಲಿಯುವುದಕ್ಕೆ ಒಳ್ಳೆಯ ಉದಾಹರಣೆ.

ಮೊದಲು ಒಂದು ವಾಕ್ಯ, ಆಮೇಲೆ ಒಂದಿಷ್ಟು ಖಾತೆ

ಡೌನ್‌ಲೋಡ್ ಬಟನ್ ಮುಟ್ಟುವ ಮೊದಲು ನಿಮ್ಮ ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. "ಕಾಡ್ಗಿಚ್ಚು ಮತ್ತು ವಾಯುಮಾಲಿನ್ಯ" ಎನ್ನುವುದು ಪ್ರಶ್ನೆಯಲ್ಲ, ಬರೀ ವಿಷಯ. "2023ರ ಜೂನ್ 1ರಿಂದ 15ರವರೆಗೆ ಕ್ವಿಬೆಕ್ ಬೆಂಕಿಯ ಹೊಗೆ ನ್ಯೂಯಾರ್ಕ್‌ನ ನೆಲಮಟ್ಟದ ಪಿಎಂ 2.5 ಅನ್ನು ಎಷ್ಟು ಏರಿಸಿತು?" ಎನ್ನುವುದು ಪ್ರಶ್ನೆ. ಅದರಲ್ಲಿ ಜಾಗ ಇದೆ, ದಿನ ಇದೆ, ಅಳೆಯಬೇಕಾದ ವಸ್ತು ಇದೆ (ಪಿಎಂ 2.5 ಎಂದರೆ ಉಸಿರಿನ ಜೊತೆ ಒಳಗೆ ಇಳಿಯುವ ಅತಿ ಸಣ್ಣ ಕಣಗಳು).

ಆ ವಾಕ್ಯದಿಂದ ಎರಡು ವಿಷಯ ತೆಗೆದು ಪಕ್ಕದಲ್ಲಿ ಬರೆದಿಡಿ. ಒಂದು, ನಿಮ್ಮ ಪ್ರದೇಶದ ಚೌಕಟ್ಟು: ಪಶ್ಚಿಮ, ದಕ್ಷಿಣ, ಪೂರ್ವ, ಉತ್ತರದ ನಾಲ್ಕು ಅಂಕಿ. ಬಹುಪಾಲು ತಾಣಗಳು ಇದನ್ನೇ ಕೇಳುತ್ತವೆ. ಎರಡು, ದಿನಾಂಕ. ಬೆಂಕಿ ಬಿದ್ದ ದಿನಗಳಷ್ಟೇ ಸಾಲದು. ಹಿಂದೆ ಮುಂದೆ ಕನಿಷ್ಠ ಎರಡು ವಾರ ಸೇರಿಸಿ. ಹೊಗೆ ಇಲ್ಲದ ದಿನ ಗಾಳಿ ಹೇಗಿತ್ತು ಎಂದು ಗೊತ್ತಿಲ್ಲದೆ ಹೊಗೆ ಎಷ್ಟು ಸೇರಿತು ಎಂದು ಹೇಳುವುದು ಹೇಗೆ, ಅಲ್ವಾ?

ಖಾತೆಗಳನ್ನು ಮೊದಲ ದಿನವೇ ತೆರೆದುಬಿಡಿ. ನಾಸಾದ ಡೇಟಾಕ್ಕೆ ಅರ್ಥ್‌ಡೇಟಾ ಲಾಗಿನ್ ಬೇಕು. ಯುರೋಪಿನ ಸೆಂಟಿನೆಲ್ ಉಪಗ್ರಹಗಳಿಗೆ ಕೋಪರ್ನಿಕಸ್ ಡೇಟಾ ಸ್ಪೇಸ್. ಹಳೆಯ ಪಾಠಗಳಲ್ಲಿ ಕಾಣುವ ಕೋಪರ್ನಿಕಸ್ ಓಪನ್ ಆಕ್ಸೆಸ್ ಹಬ್ 2023ರಲ್ಲೇ ಮುಚ್ಚಿದೆ, ಅದನ್ನು ಹುಡುಕುತ್ತಾ ಕೂರಬೇಡಿ. ನೆಲದ ಗಾಳಿಗೆ ಓಪನ್‌ಎಕ್ಯೂ ತಾಣದ ಕೀ, ಅಂದರೆ ಕೋಡ್ ಮೂಲಕ ಡೇಟಾ ಕೇಳಲು ಬೇಕಾದ ಗುರುತು. ಕೋಡ್ ಬರೆಯಲು ಬಂದರೆ ಗೂಗಲ್ ಅರ್ಥ್ ಎಂಜಿನ್ ಕೂಡ ಇರಲಿ, ಲಾಭಕ್ಕಲ್ಲದ ಸಂಶೋಧನೆಗೆ ಅದು ಉಚಿತ.

ಡೌನ್‌ಲೋಡ್‌ಗಿಂತ ಮೊದಲು ಕಣ್ಣಲ್ಲಿ ನೋಡಿ

ಇದನ್ನು ಎಲ್ಲರೂ ಹಾರಿಸಿ ಮುಂದೆ ಹೋಗುತ್ತಾರೆ. ನಾನೂ ಹೋಗುತ್ತಿದ್ದೆ. ನಾಸಾದ ವರ್ಲ್ಡ್‌ವ್ಯೂ ಎನ್ನುವ ತಾಣ ತೆರೆಯಿರಿ. ಖಾತೆ ಬೇಡ, ಏನೂ ಇಳಿಸಿಕೊಳ್ಳಬೇಕಿಲ್ಲ. ದಿನಾಂಕವನ್ನು 2023ರ ಜೂನ್ 5ಕ್ಕೆ ಇಡಿ. ಸಹಜ ಬಣ್ಣದ ಚಿತ್ರದ ಮೇಲೆ ಬೆಂಕಿಯ ಚುಕ್ಕೆಗಳ ಪದರ ಹಾಕಿ. ಆಮೇಲೆ ಒಂದೊಂದೇ ದಿನ ಮುಂದೆ ಸರಿಸಿ.

ಹತ್ತು ನಿಮಿಷ ಹೀಗೆ ನೋಡಿದರೆ ಹತ್ತು ಪುಟ ಓದಿದಷ್ಟು ಗೊತ್ತಾಗುತ್ತದೆ. ಹೊಗೆ ಎಲ್ಲಿ ಹುಟ್ಟಿತು, ಯಾವ ಕಡೆ ತಿರುಗಿತು, ಯಾವ ದಿನ ಮೋಡ ಮುಚ್ಚಿತ್ತು. ಮೋಡದ ವಿಷಯ ಮುಖ್ಯ. ಒಂದು ದಿನ ಬೆಂಕಿಯ ಚುಕ್ಕೆಗಳೇ ಕಾಣದಿದ್ದರೆ ಬೆಂಕಿ ಆರಿತು ಅಂತಲೇ ಅಲ್ಲ. ಮೇಲೆ ಮೋಡವಿದ್ದರೂ ಹಾಗೇ ಕಾಣುತ್ತದೆ. ಫೈಲ್‌ನಲ್ಲಿ ಎರಡೂ ಬರೀ ಖಾಲಿ ಸಾಲು. ಕಣ್ಣಲ್ಲಿ ನೋಡಿದವರಿಗೆ ಮಾತ್ರ ವ್ಯತ್ಯಾಸ ಗೊತ್ತು.

ಉರಿಯುತ್ತಿರುವ ಬೆಂಕಿ: ಫರ್ಮ್ಸ್

ಈಗ ಎಲ್ಲಿ ಬೆಂಕಿ ಇದೆ ಎನ್ನುವುದಕ್ಕೆ ನಾಸಾದ ಫರ್ಮ್ಸ್ ಮೊದಲ ಬಾಗಿಲು. ಉಪಗ್ರಹ ಹಾದುಹೋದ ಸುಮಾರು 3 ಗಂಟೆಯೊಳಗೆ ಜಗತ್ತಿನ ಯಾವುದೇ ಮೂಲೆಯ ಬೆಂಕಿಯ ಚುಕ್ಕೆ ಇಲ್ಲಿ ಬರುತ್ತದೆ. ಕಳೆದ ಕೆಲ ದಿನಗಳದ್ದು ನೇರ ಸಿಗುತ್ತದೆ. ಹಳೆಯದು ಬೇಕಿದ್ದರೆ ಆರ್ಕೈವ್ ಪುಟದಲ್ಲಿ ಜಾಗ, ದಿನಾಂಕ, ಉಪಕರಣ ಆರಿಸಿ ಕೋರಿಕೆ ಸಲ್ಲಿಸಬೇಕು. ಫೈಲ್ ಸಿದ್ಧವಾದಾಗ ಇಮೇಲ್‌ಗೆ ಲಿಂಕ್ ಬರುತ್ತದೆ.

ಇಲ್ಲಿ ಎರಡು ಉಪಕರಣಗಳ ಹೆಸರು ಪದೇ ಪದೇ ಬರುತ್ತವೆ. ಮೋಡಿಸ್ ಹಳೆಯದು. 1999ರಲ್ಲಿ ಹಾರಿದ ಟೆರ್ರಾ ಮತ್ತು 2002ರಲ್ಲಿ ಹಾರಿದ ಆಕ್ವಾ ಉಪಗ್ರಹಗಳಲ್ಲಿದೆ. ಅದರ ಒಂದು ಪಿಕ್ಸೆಲ್ 1 ಕಿಲೋಮೀಟರ್. ವಿಯರ್ಸ್ ಹೊಸದು. ಸುವೋಮಿ ಎನ್‌ಪಿಪಿ ಉಪಗ್ರಹದ ವಿಯರ್ಸ್ ಬೆಂಕಿ ಡೇಟಾ 2012ರ ಜನವರಿಯಿಂದ ಇದೆ. ಅದರ ಪಿಕ್ಸೆಲ್ 375 ಮೀಟರ್. ಆಮೇಲೆ 2017ರಲ್ಲಿ ನೋವಾ-20, 2022ರಲ್ಲಿ ನೋವಾ-21 ಹಾರಿದವು, ಅವುಗಳಲ್ಲೂ ವಿಯರ್ಸ್ ಇದೆ. ಪಿಕ್ಸೆಲ್ ಚಿಕ್ಕದಾದಷ್ಟೂ ಸಣ್ಣ ಬೆಂಕಿಯೂ ಸಿಕ್ಕಿಬೀಳುತ್ತದೆ. ನನ್ನ ಗ್ರಾಫ್ 2012ರಲ್ಲಿ ಜಿಗಿದದ್ದು ಇದಕ್ಕೇ.

ಹಾಗಾಗಿ ನಿಯಮ ಸರಳ. ಇಪ್ಪತ್ತು ವರ್ಷದ ಏರಿಳಿತ ಬೇಕೇ? ಮೋಡಿಸ್ ಒಂದನ್ನೇ ಬಳಸಿ. ಒಂದು ಬೆಂಕಿಯ ಹರಡುವಿಕೆ ವಿವರವಾಗಿ ಬೇಕೇ? ವಿಯರ್ಸ್ ಬಳಸಿ, ಎಲ್ಲ ಉಪಗ್ರಹಗಳದ್ದೂ ಸೇರಿಸಿ. ಆದರೆ ಎರಡನ್ನೂ ಕೂಡಿಸಿ ವರ್ಷವಾರು ಎಣಿಸಬೇಡಿ. ಮೋಡಿಸ್‌ನಲ್ಲೂ ಒಂದು ಕಿರಿಕಿರಿ ಇದೆ. ಟೆರ್ರಾ ಮತ್ತು ಆಕ್ವಾ ಎರಡಕ್ಕೂ ವಯಸ್ಸಾಗಿದೆ, ಇಂಧನ ಉಳಿಸಲು ಅವುಗಳ ಕಕ್ಷೆ ಸರಿಪಡಿಸುವುದನ್ನು ನಿಲ್ಲಿಸಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಅವು ಹಾದುಹೋಗುವ ಹೊತ್ತು ಸರಿಯುತ್ತಿದೆ. ಬೆಂಕಿ ದಿನದ ಹೊತ್ತಿಗೆ ತಕ್ಕಂತೆ ಏರಿ ಇಳಿಯುವುದರಿಂದ ಇದೂ ಎಣಿಕೆಗೆ ತಾಗುತ್ತದೆ.

ಫೈಲ್ ತೆರೆದಾಗ ಕಾಣುವ ಕಾಲಂಗಳಲ್ಲಿ ಐದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಿ.

ಅಕ್ಷಾಂಶ, ರೇಖಾಂಶ: ಇದು ಪಿಕ್ಸೆಲ್‌ನ ನಡುಬಿಂದು, ಬೆಂಕಿಯ ಜಾಗ ಅಲ್ಲ. ಬೆಂಕಿ ಆ ಪಿಕ್ಸೆಲ್‌ನ ಯಾವ ಮೂಲೆಯಲ್ಲಾದರೂ ಇರಬಹುದು. ಚುಕ್ಕೆ ಕೆರೆಯ ಮೇಲೆ ಬಿದ್ದಿದೆ ಎಂದು ಗಾಬರಿಯಾಗಬೇಡಿ. ಉಪಗ್ರಹ ಓರೆಯಾಗಿ ನೋಡಿದಾಗ ಪಿಕ್ಸೆಲ್ ಹಿಗ್ಗುತ್ತದೆ. ಸ್ಕ್ಯಾನ್, ಟ್ರ್ಯಾಕ್ ಎನ್ನುವ ಕಾಲಂಗಳಲ್ಲಿ ಅದರ ನಿಜವಾದ ಅಳತೆ ಇರುತ್ತದೆ.

ಸಮಯ: ಯಾವಾಗಲೂ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ. ಸ್ಥಳೀಯ ಸಮಯಕ್ಕೆ ಬದಲಿಸದೆ ದಿನವಾರು ಕೂಡಿಸಿದರೆ ರಾತ್ರಿಯ ಬೆಂಕಿ ಬೇರೆ ದಿನದ ಲೆಕ್ಕಕ್ಕೆ ಹೋಗುತ್ತದೆ. ಎಕ್ಸೆಲ್‌ನಲ್ಲಿ ತೆರೆದರೆ ಮುಂದಿನ ಸೊನ್ನೆಗಳು ಉದುರಿಹೋಗುತ್ತವೆ. ಅಲ್ಲಿ 45 ಎಂದು ಕಂಡರೆ ಅದು 00:45.

ಕಾನ್ಫಿಡೆನ್ಸ್: ಮೋಡಿಸ್‌ನಲ್ಲಿ 0ರಿಂದ 100ರವರೆಗಿನ ಅಂಕಿ. ವಿಯರ್ಸ್‌ನಲ್ಲಿ ಕಡಿಮೆ, ಸಾಮಾನ್ಯ, ಹೆಚ್ಚು ಎಂಬ ಮೂರು ದರ್ಜೆ. ಹಗಲಿನ ಕಡಿಮೆ ದರ್ಜೆಯ ಚುಕ್ಕೆಗಳಲ್ಲಿ ಸೂರ್ಯನ ಬೆಳಕು ಪ್ರತಿಫಲಿಸಿ ಮೋಸ ಮಾಡಿದ್ದು ಜಾಸ್ತಿ. ಅವನ್ನು ತೆಗೆದರೆ ನಷ್ಟವಿಲ್ಲ. ಆದರೆ ತೆಗೆದದ್ದನ್ನು ಬರೆದಿಡಿ.

ಎಫ್‌ಆರ್‌ಪಿ: ಬೆಂಕಿ ಹೊರಸೂಸುವ ಶಾಖದ ಶಕ್ತಿ, ಮೆಗಾವ್ಯಾಟ್‌ನಲ್ಲಿ. ಎಷ್ಟು ವೇಗವಾಗಿ ಗಿಡಮರ ಉರಿಯುತ್ತಿದೆ ಎನ್ನುವುದಕ್ಕೂ ಇದಕ್ಕೂ ನೇರ ಸಂಬಂಧ ಇದೆ. ಹೊಗೆಯ ಪ್ರಮಾಣ ಬೇಕಾದವರು ಚುಕ್ಕೆ ಎಣಿಸುವುದಕ್ಕಿಂತ ಇದನ್ನು ಕೂಡಿಸುವುದು ಮೇಲು.

ಟೈಪ್: ಇದು ಶುದ್ಧೀಕರಿಸಿದ ಆರ್ಕೈವ್ ಫೈಲ್‌ನಲ್ಲಿ ಮಾತ್ರ ಇರುತ್ತದೆ. 0 ಎಂದರೆ ಗಿಡಮರದ ಬೆಂಕಿ ಎಂಬ ಅಂದಾಜು, 1 ಜ್ವಾಲಾಮುಖಿ, 2 ನೆಲದ ಮೇಲಿನ ಸ್ಥಿರ ಮೂಲ, 3 ಸಮುದ್ರದಲ್ಲಿ ಕಂಡದ್ದು. ಉಕ್ಕಿನ ಕಾರ್ಖಾನೆ, ಅನಿಲ ಉರಿಸುವ ಚಿಮಣಿ ಇವೆಲ್ಲ ವರ್ಷವಿಡೀ "ಬೆಂಕಿ"ಯಾಗಿ ಕಾಣುತ್ತವೆ. ತಾಜಾ ಫೈಲ್‌ನಲ್ಲಿ ಈ ಕಾಲಂ ಇರುವುದಿಲ್ಲ. ಆಗ ಒಂದೇ ಜಾಗದಲ್ಲಿ ತಿಂಗಳುಗಟ್ಟಲೆ ಬರುವ ಚುಕ್ಕೆಗಳನ್ನು ನೀವೇ ಜಾಲಾಡಿ ತೆಗೆಯಬೇಕು.

ಇನ್ನೊಂದು ಮಾತು. 50 ಚುಕ್ಕೆ ಎಂದರೆ 50 ಬೆಂಕಿ ಅಲ್ಲ. ಒಂದೇ ದೊಡ್ಡ ಬೆಂಕಿ 50 ಪಿಕ್ಸೆಲ್ ತುಂಬಬಹುದು. 50 ಪಿಕ್ಸೆಲ್ ಪೂರ್ತಿ ಸುಟ್ಟಿದೆ ಅಂತಲೂ ಅಲ್ಲ. ಪಿಕ್ಸೆಲ್‌ನ ಸಣ್ಣ ಪಾಲು ಉರಿದರೂ ಚುಕ್ಕೆ ಮೂಡುತ್ತದೆ. ಸುಟ್ಟ ಎಕರೆ ಲೆಕ್ಕ ಬೇಕಿದ್ದವರು ಮುಂದಿನ ಹೆಜ್ಜೆಗೆ ಬನ್ನಿ.

ಅದಕ್ಕೂ ಮೊದಲು ಚಿಕ್ಕ ಸೂಚನೆ. ಮೋಡಿಸ್, ವಿಯರ್ಸ್ ದಿನಕ್ಕೆ ಕೆಲವೇ ಬಾರಿ ಹಾದುಹೋಗುತ್ತವೆ. ಗಂಟೆ ಗಂಟೆಗೂ ಬೆಂಕಿ ಹೇಗೆ ಓಡಿತು ಎಂದು ನೋಡಬೇಕಿದ್ದರೆ ಭೂಮಿಯ ಒಂದೇ ಜಾಗದ ಮೇಲೆ ನಿಂತಂತೆ ಇರುವ ಭೂಸ್ಥಿರ ಉಪಗ್ರಹಗಳೇ ಗತಿ. ಅಮೆರಿಕ ಖಂಡಗಳ ಮೇಲೆ ಗೋಸ್, ಪೂರ್ವ ಏಷ್ಯಾ ಮತ್ತು ಆಸ್ಟ್ರೇಲಿಯಾದ ಮೇಲೆ ಹಿಮವಾರಿ. ಎರಡೂ 10 ನಿಮಿಷಕ್ಕೊಮ್ಮೆ ತಮ್ಮ ಭಾಗದ ಭೂಮಿಯನ್ನು ಪೂರ್ತಿ ನೋಡುತ್ತವೆ. ಆದರೆ ಬೆಂಕಿ ಹುಡುಕುವ ಪಿಕ್ಸೆಲ್ ಸುಮಾರು 2 ಕಿಲೋಮೀಟರ್. ಸಣ್ಣ ಬೆಂಕಿ ತಪ್ಪಿಹೋಗುತ್ತದೆ.

ಸುಟ್ಟು ಕರಿಯಾದ ನೆಲ

ದೊಡ್ಡ ಪ್ರದೇಶ, ಹಲವು ವರ್ಷ ಎಂದಾದರೆ ಎಂಸಿಡಿ64ಎ1 ಎಂಬ ಮೋಡಿಸ್ ಉತ್ಪನ್ನ ತೆಗೆದುಕೊಳ್ಳಿ. ತಿಂಗಳಿಗೊಂದು ಫೈಲ್, 500 ಮೀಟರ್ ಪಿಕ್ಸೆಲ್. ಪ್ರತಿ ಪಿಕ್ಸೆಲ್‌ನಲ್ಲೂ ವರ್ಷದ ಎಷ್ಟನೇ ದಿನ ಸುಟ್ಟಿತು ಎಂಬ ಅಂಕಿ ಇರುತ್ತದೆ. 0 ಎಂದರೆ ಸುಟ್ಟಿಲ್ಲ, -1 ಎಂದರೆ ನೋಡಲು ಆಗಲಿಲ್ಲ, -2 ಎಂದರೆ ನೀರು. -1 ಅನ್ನು 0 ಎಂದು ಎಣಿಸಿದವರ ಲೆಕ್ಕ ಕಡಿಮೆ ಬರುತ್ತದೆ. ಹೊಲದ ಕೂಳೆ ಸುಡುವಂಥ ಸಣ್ಣ ಬೆಂಕಿಗೆ ಇದು ಆಗಿಬರುವುದಿಲ್ಲ. ಇದನ್ನು ಇಳಿಸಿಕೊಳ್ಳಲು ನಾಸಾದ ಆಪಿಯರ್ಸ್ ಸುಲಭ. ನಿಮ್ಮ ಚೌಕಟ್ಟು ಕೊಟ್ಟರೆ ಅಷ್ಟನ್ನೇ ಕತ್ತರಿಸಿ, ಬೇಕಾದ ನಕ್ಷೆಯ ರೂಪದಲ್ಲಿ ಕೊಡುತ್ತದೆ. ನೇರವಾಗಿ ಮೂಲ ಫೈಲ್ ಇಳಿಸಿಕೊಂಡರೆ ಓರೆಕೋರೆ ಟೈಲ್‌ಗಳ ಜೊತೆ ಗುದ್ದಾಡಬೇಕು.

ಒಂದೇ ಬೆಂಕಿಯ ಗಾಯ ನೋಡಬೇಕಿದ್ದರೆ ಸೆಂಟಿನೆಲ್-2 ಅಥವಾ ಲ್ಯಾಂಡ್‌ಸ್ಯಾಟ್. ಸೆಂಟಿನೆಲ್-2ರ ಪಿಕ್ಸೆಲ್ 10ರಿಂದ 20 ಮೀಟರ್, ಎರಡು ಉಪಗ್ರಹ ಸೇರಿ ಸುಮಾರು 5 ದಿನಕ್ಕೊಮ್ಮೆ ಬರುತ್ತದೆ. ಲ್ಯಾಂಡ್‌ಸ್ಯಾಟ್ 30 ಮೀಟರ್. ಅದರ ಬಲ ಇರುವುದು ವಯಸ್ಸಿನಲ್ಲಿ, ಮೊದಲ ಉಪಗ್ರಹ ಹಾರಿದ್ದು 1972ರಲ್ಲಿ.

ವಿಧಾನ ಹೀಗೆ. ಹಸಿರು ಎಲೆ ಸಮೀಪದ ಅವಕೆಂಪು ಬೆಳಕನ್ನು ಜಾಸ್ತಿ ಪ್ರತಿಫಲಿಸುತ್ತದೆ. ಸುಟ್ಟ ನೆಲ ಕಿರುತರಂಗ ಅವಕೆಂಪನ್ನು ಜಾಸ್ತಿ ಪ್ರತಿಫಲಿಸುತ್ತದೆ. ಮೊದಲನೆಯದರಿಂದ ಎರಡನೆಯದನ್ನು ಕಳೆದು, ಎರಡರ ಮೊತ್ತದಿಂದ ಭಾಗಿಸಿದರೆ ಎನ್‌ಬಿಆರ್ ಎಂಬ ಸೂಚ್ಯಂಕ. ಇದಕ್ಕೆ ಬೇಕಾದ ಬ್ಯಾಂಡ್ (ಬೆಳಕಿನ ಪಟ್ಟಿ) ಸೆಂಟಿನೆಲ್-2ರಲ್ಲಿ 8ಎ ಮತ್ತು 12, ಲ್ಯಾಂಡ್‌ಸ್ಯಾಟ್ 8 ಮತ್ತು 9ರಲ್ಲಿ 5 ಮತ್ತು 7. ಬೆಂಕಿಗೆ ಮೊದಲಿನ ಎನ್‌ಬಿಆರ್‌ನಿಂದ ನಂತರದ್ದನ್ನು ಕಳೆಯಿರಿ. ಅಂಕಿ ದೊಡ್ಡದಾದಷ್ಟೂ ಗಾಯ ಆಳ. 0.66ಕ್ಕಿಂತ ಮೇಲಿದ್ದರೆ ತೀವ್ರ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆದರೆ ಹುಲ್ಲುಗಾವಲಿಗೂ ದಟ್ಟ ಕಾಡಿಗೂ ಒಂದೇ ಗೆರೆ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಸಾಧ್ಯವಾದರೆ ನೆಲದ ಮೇಲೆ ನೋಡಿದವರ ವರದಿಯ ಜೊತೆ ಹೋಲಿಸಿ.

ಇಲ್ಲೊಂದು ಗುಂಡಿ ಇದೆ, ಬಹಳ ಜನ ಬೀಳುತ್ತಾರೆ. 2022ರ ಜನವರಿ 25ರಿಂದ ಸೆಂಟಿನೆಲ್-2ರ ಅಂಕಿಗಳಿಗೆ 1000 ಸೇರಿಸಿ ಕೊಡುತ್ತಿದ್ದಾರೆ. ಬಳಸುವ ಮೊದಲು ಆ 1000 ಕಳೆಯಬೇಕು. ಒಂದು ಚಿತ್ರ ಆ ದಿನಕ್ಕಿಂತ ಹಿಂದಿನದು, ಇನ್ನೊಂದು ಮುಂದಿನದು ಎಂದಾದರೆ ಕಾಡು ಸುಡದೇ ಇದ್ದರೂ ವ್ಯತ್ಯಾಸ ಕಾಣುತ್ತದೆ. ಅರ್ಥ್ ಎಂಜಿನ್‌ನಲ್ಲಿ ಹಾರ್ಮೊನೈಸ್ಡ್ ಎಂದು ಹೆಸರಿರುವ ಸಂಗ್ರಹ ಆರಿಸಿದರೆ ಈ ತಲೆನೋವು ಇಲ್ಲ.

ಆಕಾಶದ ಹೊಗೆ

ಹೊಗೆಯನ್ನು ಉಪಗ್ರಹ ನೇರವಾಗಿ ತೂಗುವುದಿಲ್ಲ. ಬೆಳಕು ಎಷ್ಟು ಮಬ್ಬಾಯಿತು ಎಂದು ನೋಡುತ್ತದೆ. ಆ ಅಳತೆಗೆ ಎಒಡಿ ಎಂದು ಹೆಸರು. ಸಂಶೋಧನೆಗೆ ಹೆಚ್ಚು ಬಳಸುವುದು ಮೋಡಿಸ್‌ನ ಎಂಸಿಡಿ19ಎ2. ಪ್ರತಿದಿನ, 1 ಕಿಲೋಮೀಟರ್ ಪಿಕ್ಸೆಲ್. ಫೈಲ್‌ನಲ್ಲಿರುವ ಅಂಕಿಯನ್ನು 0.001ರಿಂದ ಗುಣಿಸಬೇಕು. -28672 ಎಂದು ಕಂಡರೆ ಅಲ್ಲಿ ಡೇಟಾ ಇಲ್ಲ ಎಂದರ್ಥ. ಅದನ್ನು ತೆಗೆಯದೆ ಸರಾಸರಿ ಮಾಡಿದ ವಿದ್ಯಾರ್ಥಿಯೊಬ್ಬರು ಹೊಗೆ ಮೈನಸ್‌ಗೆ ಇಳಿದಿದೆ ಎಂದು ತೋರಿಸಿದ್ದು ನೆನಪಿದೆ.

ಎಒಡಿಯ ದೊಡ್ಡ ದೌರ್ಬಲ್ಯ ವಿಚಿತ್ರವಾದದ್ದು. ಹೊಗೆ ತೀರಾ ದಟ್ಟವಾದಾಗ ಲೆಕ್ಕ ಹಾಕುವ ವಿಧಾನ ಅದನ್ನು ಮೋಡ ಎಂದು ತಿಳಿದು ಬಿಟ್ಟುಬಿಡಬಹುದು. ಅಂದರೆ ಅತಿ ಕೆಟ್ಟ ದಿನದ್ದೇ ಡೇಟಾ ಕಾಣೆ! ಸರಾಸರಿ ತೆಗೆದರೆ ಗಾಳಿ ಇದ್ದುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ. ಹಾಗಾಗಿ ದಿನಕ್ಕೆ ಎಷ್ಟು ಪಿಕ್ಸೆಲ್ ಸಿಕ್ಕಿತು ಎನ್ನುವ ಎಣಿಕೆಯನ್ನೂ ಸರಾಸರಿಯ ಪಕ್ಕದಲ್ಲಿ ಇಟ್ಟುಕೊಳ್ಳಿ. ಏರೋನೆಟ್ ಎಂಬ ನೆಲದ ಕೇಂದ್ರಗಳ ಜಾಲವೂ ಎಒಡಿ ಅಳೆಯುತ್ತದೆ. ಹತ್ತಿರದಲ್ಲಿ ಕೇಂದ್ರವಿದ್ದರೆ ಅದರ 2.0 ಹಂತದ ಡೇಟಾ ತೆಗೆದು ಉಪಗ್ರಹದ ಅಂಕಿಯನ್ನು ಪರೀಕ್ಷಿಸಿ.

ಅನಿಲಗಳಿಗೆ ಟ್ರೊಪೋಮಿ ಎಂಬ ಉಪಕರಣ. 2017ರ ಅಕ್ಟೋಬರ್‌ನಲ್ಲಿ ಹಾರಿದ ಸೆಂಟಿನೆಲ್-5ಪಿ ಉಪಗ್ರಹದಲ್ಲಿದೆ, ದಿನಕ್ಕೊಮ್ಮೆ ಮಧ್ಯಾಹ್ನದ ಹೊತ್ತಿಗೆ ಹಾದುಹೋಗುತ್ತದೆ. ಯಾವ ಅನಿಲ ಆರಿಸಬೇಕು ಎನ್ನುವುದು ಪ್ರಶ್ನೆಯ ಮೇಲೆ ನಿಂತಿದೆ. ಕಾರ್ಬನ್ ಮೊನಾಕ್ಸೈಡ್ ವಾರಗಟ್ಟಲೆ ಗಾಳಿಯಲ್ಲಿ ಉಳಿಯುತ್ತದೆ, ದೂರ ಹರಿದ ಹೊಗೆಯ ಜಾಡು ಹಿಡಿಯಲು ಅದೇ ಸರಿ. ನೈಟ್ರೋಜನ್ ಡೈಆಕ್ಸೈಡ್ ಕೆಲ ಗಂಟೆಗಳಲ್ಲಿ ಕರಗುತ್ತದೆ, ಬೆಂಕಿಯ ಹತ್ತಿರ ಮಾತ್ರ ಉಪಯೋಗ. ಜೊತೆಗೆ ಅತಿನೇರಳೆ ಏರೋಸಾಲ್ (ಗಾಳಿಯಲ್ಲಿ ತೇಲುವ ಕಣಗಳ) ಸೂಚ್ಯಂಕ ಒಂದಿದೆ, ಅದು ಮೋಡದ ಮೇಲಿರುವ ಹೊಗೆಯನ್ನೂ ಹಿಡಿಯುತ್ತದೆ. ಪ್ರತಿ ಪಿಕ್ಸೆಲ್‌ಗೂ ಗುಣಮಟ್ಟದ ಅಂಕಿ ಇರುತ್ತದೆ. ನೈಟ್ರೋಜನ್ ಡೈಆಕ್ಸೈಡ್‌ಗೆ 0.75ಕ್ಕಿಂತ ಮೇಲಿನದನ್ನಷ್ಟೇ ಬಳಸಿ, ಕಾರ್ಬನ್ ಮೊನಾಕ್ಸೈಡ್‌ಗೆ 0.5.

ಉತ್ತರ ಅಮೆರಿಕದ ಮೇಲೆ ಕೆಲಸ ಮಾಡುವವರಿಗೆ ಇನ್ನೊಂದು ಅನುಕೂಲ ಇದೆ. ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾದ ಎಚ್‌ಎಂಎಸ್ ವಿಭಾಗದಲ್ಲಿ ತಜ್ಞರು ಉಪಗ್ರಹ ಚಿತ್ರ ನೋಡಿ ಪ್ರತಿದಿನ ಹೊಗೆಯ ಗಡಿ ಎಳೆಯುತ್ತಾರೆ. ತೆಳು, ಮಧ್ಯಮ, ದಟ್ಟ ಎಂದು ಮೂರು ದರ್ಜೆ. ನ್ಯೂಯಾರ್ಕ್‌ನ ಯಾವ ದಿನ "ಹೊಗೆಯ ದಿನ" ಎಂದು ಗುರುತಿಸಲು ಇದಕ್ಕಿಂತ ಸುಲಭ ದಾರಿ ಇಲ್ಲ.

ಆದರೆ ಒಂದು ಮಾತು ನೆನಪಿಡಿ. ಉಪಗ್ರಹ ನೋಡುವುದು ನೆಲದಿಂದ ಆಕಾಶದವರೆಗಿನ ಇಡೀ ಗಾಳಿಯ ಕಂಬವನ್ನು. ಹೊಗೆ 4 ಕಿಲೋಮೀಟರ್ ಎತ್ತರದಲ್ಲಿ ತೇಲಿಹೋದರೆ ಉಪಗ್ರಹಕ್ಕೆ ದಟ್ಟವಾಗಿ ಕಾಣುತ್ತದೆ. ಕೆಳಗೆ ನಿಂತವರಿಗೆ ಸೂರ್ಯ ಸ್ವಲ್ಪ ಕೆಂಪಾಗಿ ಕಂಡಿರುತ್ತಾನೆ, ಅಷ್ಟೆ. ಉಸಿರಿನ ಲೆಕ್ಕ ಬೇಕಿದ್ದರೆ ನೆಲಕ್ಕೆ ಇಳಿಯಲೇಬೇಕು.

ಮೂಗಿನ ಮಟ್ಟದ ಗಾಳಿ

ನೆಲದ ಮಾಪಕಗಳಲ್ಲಿ ಎರಡು ಜಾತಿ. ಸರ್ಕಾರಗಳು ಇಟ್ಟಿರುವ ದುಬಾರಿ ಮಾಪಕಗಳು ಒಂದು. ಜನ ಮನೆಯ ಗೋಡೆಗೆ ನೇತುಹಾಕುವ ಅಗ್ಗದ ಸೆನ್ಸರ್‌ಗಳು ಇನ್ನೊಂದು. ಎರಡೂ ಬೇಕು, ಆದರೆ ಒಂದೇ ಕಣ್ಣಲ್ಲಿ ನೋಡಬಾರದು.

ಎಲ್ಲಿಂದ ಶುರು ಮಾಡುವುದು ಎಂದು ಗೊತ್ತಿಲ್ಲದಿದ್ದರೆ ಓಪನ್‌ಎಕ್ಯೂ. ಲಾಭದ ಉದ್ದೇಶವಿಲ್ಲದ ಈ ಸಂಸ್ಥೆ ಹಲವು ದೇಶಗಳ ಮಾಪಕಗಳ ಅಂಕಿಗಳನ್ನು ಒಂದೇ ರೂಪದಲ್ಲಿ ಕೂಡಿಹಾಕುತ್ತದೆ. ನಕ್ಷೆಯಲ್ಲಿ ಹತ್ತಿರದ ಕೇಂದ್ರ ಹುಡುಕಿ, ಅದು ನಿಮಗೆ ಬೇಕಾದ ದಿನಗಳಲ್ಲಿ ಕೆಲಸ ಮಾಡುತ್ತಿತ್ತೇ ನೋಡಿ, ಆಮೇಲೆ ಇಳಿಸಿಕೊಳ್ಳಿ. ಕೋಡ್ ಬರೆಯುವವರು ಮೂರನೇ ಆವೃತ್ತಿಯ ಎಪಿಐ (ಕೋಡ್‌ನಿಂದ ನೇರ ಡೇಟಾ ಕೇಳುವ ದಾರಿ) ಬಳಸಬೇಕು. ಹಳೆಯ ಎರಡು ಆವೃತ್ತಿಗಳನ್ನು ನಿಲ್ಲಿಸಿದ್ದಾರೆ, ಹಾಗಾಗಿ ಅಂತರ್ಜಾಲದಲ್ಲಿ ಸಿಗುವ ಹಳೆಯ ಕೋಡ್ ಓಡುವುದಿಲ್ಲ.

ಪ್ರಬಂಧಕ್ಕೆ ಬೇಕಿದ್ದರೆ ಮೂಲಕ್ಕೇ ಹೋಗುವುದು ಒಳ್ಳೆಯದು. ಅಮೆರಿಕದಲ್ಲಿ ಏರ್‌ನೌ ಎನ್ನುವುದು ತಕ್ಷಣದ ಅಂಕಿ, ಇನ್ನೂ ಪರಿಶೀಲನೆಯಾಗದ್ದು. ಎಕ್ಯೂಎಸ್ ಎನ್ನುವುದು ಪರಿಶೀಲಿಸಿ ಕೊಡುವ ಅಂಕಿ, ತಿಂಗಳುಗಳ ನಂತರ ಬರುತ್ತದೆ. 2023ರ ಜೂನ್‌ಗೆ ಎಕ್ಯೂಎಸ್ ತೆಗೆದುಕೊಳ್ಳಿ. ಅಲ್ಲಿ ಪಿಎಂ 2.5ಕ್ಕೆ 88101 ಮತ್ತು 88502 ಎಂಬ ಎರಡು ಕೋಡ್ ಇವೆ. ಮೊದಲನೆಯದು ನಿಯಮಕ್ಕೆ ಒಪ್ಪುವ ಮಾಪಕಗಳದ್ದು. ಎರಡನೆಯದು ಸಾಕಷ್ಟು ಹತ್ತಿರವಿದ್ದರೂ ಆ ಮಾನ್ಯತೆ ಇಲ್ಲದ್ದು. ಹೊಗೆಯ ಅಧ್ಯಯನದಲ್ಲಿ ಎರಡನ್ನೂ ಸೇರಿಸುವವರಿದ್ದಾರೆ. ನಾನೂ ಸೇರಿಸುತ್ತೇನೆ, ಇಲ್ಲದಿದ್ದರೆ ಬೆಂಕಿಯ ಹತ್ತಿರದ ಎಷ್ಟೋ ಕೇಂದ್ರಗಳು ಕೈತಪ್ಪುತ್ತವೆ. ಯುರೋಪಿಗೆ ಯುರೋಪಿಯನ್ ಪರಿಸರ ಸಂಸ್ಥೆಯ ಡೌನ್‌ಲೋಡ್ ಸೇವೆ ಇದೆ. ಭಾರತಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪೋರ್ಟಲ್.

ಯಾವ ದೇಶವಾದರೂ ಸೂಚ್ಯಂಕ ಇಳಿಸಿಕೊಳ್ಳಬೇಡಿ, ಸಾಂದ್ರತೆ ಇಳಿಸಿಕೊಳ್ಳಿ. ಅಂದರೆ ಎಕ್ಯೂಐ ಬೇಡ, ಘನ ಮೀಟರ್‌ಗೆ ಎಷ್ಟು ಮೈಕ್ರೋಗ್ರಾಂ ಎನ್ನುವ ಅಂಕಿ ಬೇಕು. ಎಕ್ಯೂಐ ಲೆಕ್ಕ ದೇಶದಿಂದ ದೇಶಕ್ಕೆ ಬೇರೆ. ಒಂದೇ ದೇಶದಲ್ಲೂ ಬದಲಾಗುತ್ತದೆ. ಅಮೆರಿಕದಲ್ಲಿ ಪಿಎಂ 2.5ರ "ಒಳ್ಳೆಯ ಗಾಳಿ"ಯ ಮೇಲಿನ ಗಡಿ 12 ಇದ್ದದ್ದು 2024ರಲ್ಲಿ 9ಕ್ಕೆ ಇಳಿಯಿತು. ಗಾಳಿ ಅದೇ, ಸೂಚ್ಯಂಕ ಬೇರೆ.

ಫೈಲ್ ಬಂದ ಮೇಲೆ ಅಂಕಿಗಳನ್ನು ಸುಮ್ನೆ ನಂಬಬೇಡಿ. -999 ಇದ್ದರೆ ತೆಗೆಯಿರಿ, ಅದು ಖಾಲಿ ಜಾಗದ ಗುರುತು. -1, -2 ಇದ್ದರೆ ತೆಗೆಯಬೇಡಿ. ಗಾಳಿ ತುಂಬಾ ಶುದ್ಧವಿದ್ದಾಗ ಮಾಪಕದ ಅಲುಗಾಟದಿಂದ ಸೊನ್ನೆಯ ಕೆಳಗೂ ಬರುತ್ತದೆ. ಅಂಥವನ್ನೆಲ್ಲ ಕಿತ್ತರೆ ಸರಾಸರಿ ಏರಿಬಿಡುತ್ತದೆ. ದಟ್ಟ ಹೊಗೆಯಲ್ಲಿ 985ರಂಥ ಒಂದೇ ಅಂಕಿ ಗಂಟೆಗಟ್ಟಲೆ ಕಂಡರೆ ಮಾಪಕದ ಮಿತಿ ಮುಟ್ಟಿದೆ ಎಂದು ಅನುಮಾನಿಸಿ. ನಿಜವಾದ ಅಂಕಿ ಅದಕ್ಕಿಂತ ಮೇಲೆ ಎಲ್ಲೋ ಇದೆ. ಅತಿ ಕೆಟ್ಟ ಗಂಟೆಗಳಲ್ಲೇ ಡೇಟಾ ಇಲ್ಲದಿದ್ದರೆ ಅದೂ ಒಂದು ಸುಳಿವು. ವಿದ್ಯುತ್ ಹೋಗಿರಬಹುದು, ಫಿಲ್ಟರ್ ಕಟ್ಟಿರಬಹುದು.

ಇನ್ನು ಅಗ್ಗದ ಸೆನ್ಸರ್‌ಗಳು. ಇವುಗಳಲ್ಲಿ ಪರ್ಪಲ್‌ಏರ್ ಜಾಲ ದೊಡ್ಡದು. ಬೆಂಕಿಯ ಸಮಯದಲ್ಲಿ ಇವುಗಳ ಬೆಲೆ ಗೊತ್ತಾಗುತ್ತದೆ, ಸರ್ಕಾರಿ ಮಾಪಕ ಇಲ್ಲದ ಜಾಗದಲ್ಲೂ ಇವು ಇರುತ್ತವೆ. ಆದರೆ ಲೇಸರ್ ಬೆಳಕು ಚದುರುವುದನ್ನು ನೋಡಿ ಲೆಕ್ಕ ಹಾಕುವುದರಿಂದ ಹೊಗೆಯನ್ನು ಇದ್ದುದಕ್ಕಿಂತ ಜಾಸ್ತಿ ತೋರಿಸುತ್ತವೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಇದಕ್ಕೊಂದು ತಿದ್ದುಪಡಿ ಸೂತ್ರ ಕೊಟ್ಟಿದ್ದಾರೆ. ಸೆನ್ಸರ್ ಅಂಕಿಯನ್ನು 0.524ರಿಂದ ಗುಣಿಸಿ. ಅದರಿಂದ, ತೇವಾಂಶದ ಶೇಕಡಾವನ್ನು 0.0862ರಿಂದ ಗುಣಿಸಿ ಬಂದದ್ದನ್ನು ಕಳೆಯಿರಿ. ಕೊನೆಗೆ 5.75 ಸೇರಿಸಿ. ಸೆನ್ಸರ್ 100 ತೋರಿಸಿ ತೇವಾಂಶ ಶೇಕಡಾ 40 ಇದ್ದರೆ ಉತ್ತರ ಸುಮಾರು 54.7. ಹೆಚ್ಚುಕಡಿಮೆ ಅರ್ಧ! ತಿದ್ದದೆ ಬಳಸಿದರೆ ಎಷ್ಟು ಎಡವಟ್ಟು ನೋಡಿ. ಈ ಸೂತ್ರ ಅಮೆರಿಕದ ಡೇಟಾದಿಂದ ಬಂದದ್ದು. ಅತಿ ದಟ್ಟ ಹೊಗೆಗೆ, ಬೇರೆ ಬಗೆಯ ಧೂಳಿಗೆ ಇದು ಹಾಗೇ ಹೊಂದುವುದಿಲ್ಲ. ಹತ್ತಿರದ ಸರ್ಕಾರಿ ಮಾಪಕದ ಜೊತೆ ಹೋಲಿಸಿ ನಿಮ್ಮದೇ ತಿದ್ದುಪಡಿ ಕಟ್ಟುವುದು ಉತ್ತಮ. ಮನೆಯ ಹೊರಗೆ ಇಡುವ ಪೆಟ್ಟಿಗೆಯಲ್ಲಿ ಎ ಮತ್ತು ಬಿ ಎಂದು ಎರಡು ಸೆನ್ಸರ್ ಇರುತ್ತವೆ. ಎರಡೂ ಒಂದಕ್ಕೊಂದು ಹೊಂದದಿದ್ದರೆ ಆ ಗಂಟೆಯನ್ನು ಬಿಡಿ.

ಗಾಳಿ ಎತ್ತ ಬೀಸಿತು

ಹೊಗೆ ಎಲ್ಲಿಂದ ಬಂತು ಎಂದು ಹೇಳಲು ಗಾಳಿಯ ದಿಕ್ಕು ಬೇಕು. ಅಳತೆಗಳನ್ನು ಮಾದರಿಗೆ ಬೆರೆಸಿ ಹಳೆಯ ಹವಾಮಾನವನ್ನು ಮತ್ತೆ ಕಟ್ಟುವ ಯುರೋಪಿನ ಮರುವಿಶ್ಲೇಷಣೆ ಇಆರ್‌ಎ5 ಸಾಕು: 1940ರಿಂದ ಇಂದಿನವರೆಗೆ, ಗಂಟೆಗೊಮ್ಮೆ, ಜಗತ್ತಿಡೀ. ನೋವಾದ ಹೈಸ್‌ಪ್ಲಿಟ್ ಎಂಬ ಮಾದರಿಯಲ್ಲಿ ನ್ಯೂಯಾರ್ಕ್‌ನ ಅಕ್ಷಾಂಶ, ರೇಖಾಂಶ ಕೊಟ್ಟು ಹಿಂದಕ್ಕೆ ಓಡಿಸಿದರೆ ಆ ಗಾಳಿ ಯಾವ ದಾರಿಯಲ್ಲಿ ಬಂತು ಎಂಬ ಗೆರೆ ಸಿಗುತ್ತದೆ. ಮಾಪಕವೇ ಇಲ್ಲದ ಪ್ರದೇಶಕ್ಕೆ ಕ್ಯಾಮ್ಸ್ ಎಂಬ ಯುರೋಪಿನ ವಾಯುಮಂಡಲ ನಿಗಾ ಸೇವೆಯ ಮರುವಿಶ್ಲೇಷಣೆ 2003ರಿಂದ ಇದೆ. ಬೆಂಕಿಯಿಂದ ಹೊರಬಿದ್ದ ಅನಿಲದ ಅಂದಾಜಿಗೆ ಅದೇ ಸೇವೆಯ ಜಿಎಫ್‌ಎಎಸ್, ಇಲ್ಲವೇ ಜಿಎಫ್‌ಇಡಿ. ಇವೆಲ್ಲ ಮಾದರಿಗಳು. ಅಳತೆ ಎಂದು ಕರೆಯಬೇಡಿ.

ಎಲ್ಲವನ್ನೂ ಒಂದೇ ಮೇಜಿಗೆ ತರುವುದು

ಈಗ ಜೋಡಿಸುವ ಕೆಲಸ. ಜಗಳ ಶುರುವಾಗುವುದು ಗಡಿಯಾರದಿಂದ. ಉಪಗ್ರಹದ ಫೈಲ್ ಯುಟಿಸಿಯಲ್ಲಿ ಇರುತ್ತದೆ. ಎಕ್ಯೂಎಸ್‌ನ ಸ್ಥಳೀಯ ಸಮಯ ವರ್ಷವಿಡೀ ಸ್ಟ್ಯಾಂಡರ್ಡ್ ಸಮಯದಲ್ಲಿರುತ್ತದೆ, ಬೇಸಿಗೆಯಲ್ಲಿ ಒಂದು ಗಂಟೆ ಮುಂದೆ ಸರಿಯುವುದಿಲ್ಲ. ಜೂನ್‌ನಲ್ಲಿ ನ್ಯೂಯಾರ್ಕ್‌ನ ಗೋಡೆ ಗಡಿಯಾರ ಯುಟಿಸಿಗಿಂತ 4 ಗಂಟೆ ಹಿಂದೆ, ಎಕ್ಯೂಎಸ್ ಫೈಲ್ 5 ಗಂಟೆ ಹಿಂದೆ. ಎಲ್ಲವನ್ನೂ ಯುಟಿಸಿಗೆ ತಂದು ಜೋಡಿಸಿ. ದಿನದ ಸರಾಸರಿ ಮಾಡುವಾಗ ಮಾತ್ರ ಸ್ಥಳೀಯ ಸಮಯಕ್ಕೆ ಹೋಗಿ.

ಆಮೇಲೆ ಜಾಗ. ಮಾಪಕ ಒಂದು ಬಿಂದು, ಪಿಕ್ಸೆಲ್ ಒಂದು ಚೌಕ. ಮಾಪಕ ಬಿದ್ದ ಒಂದೇ ಪಿಕ್ಸೆಲ್ ತೆಗೆಯುವ ಬದಲು ಸುತ್ತಲಿನ 3 ಅಥವಾ 5 ಕಿಲೋಮೀಟರ್‌ನ ಸರಾಸರಿ ತೆಗೆದರೆ ಖಾಲಿ ದಿನ ಕಡಿಮೆಯಾಗುತ್ತದೆ. ಮೊದಲ ಬಾರಿಗೆ ನೋಡಲು ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶ ಸಾಕು. ಬಿಂದು, ಗಡಿ, ಪಿಕ್ಸೆಲ್ ಮೂರೂ ಒಂದರ ಮೇಲೊಂದು ಕಾಣುತ್ತವೆ. ನೆಟ್‌ಸಿಡಿಎಫ್ (ಇಂಥ ಡೇಟಾ ಇಡುವ ಒಂದು ರೂಪ) ಫೈಲ್‌ನ ಒಳಗೆ ಏನಿದೆ ಎಂದು ಇಣುಕಲು ನಾಸಾದ ಪನೊಪ್ಲಿ ಒಳ್ಳೆಯದು. ದೊಡ್ಡ ಕೆಲಸಕ್ಕೆ ಪೈಥಾನ್.

ಪ್ರತಿ ಫೈಲ್ ಇಳಿಸಿಕೊಂಡ ಕೂಡಲೇ ಪಕ್ಕದಲ್ಲೊಂದು ಚಿಕ್ಕ ಟಿಪ್ಪಣಿ ಇಡಿ: ಎಲ್ಲಿಂದ, ಯಾವ ದಿನ, ಯಾವ ಆವೃತ್ತಿ, ಏನು ಸೋಸಿದ್ದು, ಡಿಒಐ (ಡೇಟಾದ ಶಾಶ್ವತ ಗುರುತು) ಏನು. ಫರ್ಮ್ಸ್‌ನ ಆರ್ಕೈವ್ ಕೋರಿಕೆಗೆ ಕೆಲವೊಮ್ಮೆ ಎರಡು ಫೈಲ್ ಬರುತ್ತವೆ. ಒಂದು ಶುದ್ಧೀಕರಿಸಿದ್ದು, ಇನ್ನೊಂದು ಇನ್ನೂ ತಾಜಾ. ಆರು ತಿಂಗಳ ನಂತರ ಯಾವುದು ಯಾವುದು ಎಂದು ನಿಮಗೇ ನೆನಪಿರುವುದಿಲ್ಲ. ಆವೃತ್ತಿ ಬದಲಾದಾಗ ಹಳೆಯ ವರ್ಷಗಳ ಅಂಕಿಯೂ ಬದಲಾಗುತ್ತದೆ, ಹಾಗಾಗಿ ಅರ್ಧ ಹಳೆಯದು ಅರ್ಧ ಹೊಸದು ಬೆರೆಸಬೇಡಿ.

ಮೂಲ ಫೈಲ್‌ನ ಪ್ರತಿಯನ್ನೂ ಇಟ್ಟುಕೊಳ್ಳಿ, ಲಿಂಕ್ ಮಾತ್ರ ಅಲ್ಲ. ಹಲವು ದೇಶಗಳಲ್ಲಿನ ಅಮೆರಿಕದ ರಾಯಭಾರ ಕಚೇರಿಗಳು ವರ್ಷಗಟ್ಟಲೆ ಪಿಎಂ 2.5 ಅಳೆದು ಅಂಕಿ ಹಂಚುತ್ತಿದ್ದವು. 2025ರ ಮಾರ್ಚ್‌ನಲ್ಲಿ ಆ ಹಂಚಿಕೆ ನಿಂತಿತು.

ಅಭ್ಯಾಸಕ್ಕೆ ಮೂರೇ ಫೈಲ್ ಸಾಕು. 2023ರ ಮೇ 18ರಿಂದ ಜೂನ್ 29ರವರೆಗೆ ಕ್ವಿಬೆಕ್‌ನ ವಿಯರ್ಸ್ ಚುಕ್ಕೆಗಳು, ಅದೇ ದಿನಗಳ ಎಚ್‌ಎಂಎಸ್ ಹೊಗೆ ಗಡಿಗಳು, ನ್ಯೂಯಾರ್ಕ್‌ನ ಒಂದು ಎಕ್ಯೂಎಸ್ ಕೇಂದ್ರದ ಗಂಟೆವಾರು ಪಿಎಂ 2.5. ಒಂದೇ ಸಮಯದ ಗೆರೆಯ ಮೇಲೆ ದಿನದ ಎಫ್‌ಆರ್‌ಪಿ ಮೊತ್ತ ಮೇಲೆ, ಪಿಎಂ 2.5 ಕೆಳಗೆ ಇಡಿ. ಎರಡೂ ಒಂದೇ ದಿನ ಶಿಖರ ಮುಟ್ಟಿವೆಯೇ, ಅಥವಾ ನಡುವೆ ಅಂತರ ಇದೆಯೇ ನೋಡಿ. ಆಮೇಲೆ ಹೈಸ್‌ಪ್ಲಿಟ್ ತೆರೆದು ಜೂನ್ 7ರಿಂದ 48 ಗಂಟೆ ಹಿಂದಕ್ಕೆ ಓಡಿಸಿ, ಗೆರೆ ಆ ಚುಕ್ಕೆಗಳ ಮೇಲೆ ಹೋಗುತ್ತದೆಯೇ ಎಂದು ಕ್ಯೂಜಿಐಎಸ್‌ನಲ್ಲಿ ಇಟ್ಟು ನೋಡಿ.